ಮೀಟರ್ ಥಾವರಪ್ಪ ಮತ್ತು ಕಂಠೆಪ್ಪನ ಒರಿಜಿನಲ್ ಟ್ರಕ್ಕು

ಗೋವಾದ ಮಡ್ಕಯಿ ಕೈಗಾರಿಕಾ ವಸಾಹತಿನ ಗೇಟಿನ ಹೊರಗೆ, ಚಹಾದ ಗಾಡಿಗೂ ಪಂಕ್ಚರ್ ಅಂಗಡಿಗೂ ನಡುವೆ ಒಂದು ತಗಡಿನ ಶೆಡ್ಡಿದೆ. ಅದಕ್ಕೆ ಬೋರ್ಡಿಲ್ಲ. ಬೋರ್ಡು ಬರೆಸಬೇಕೆಂದು ಥಾವರಪ್ಪ ವರ್ಷಗಟ್ಟಲೆಯಿಂದ ಯೋಚಿಸುತ್ತಿದ್ದಾನೆ. ‘ಆಟೋ ಇಲೆಕ್ಟ್ರಿಕಲ್ಸ್’ ಎಂದು ಬರೆಸಿದರೆ ತನ್ನ ಯೋಗ್ಯತೆಗೆ ಕಡಿಮೆಯಾಯಿತು, ‘ಮೀಟರ್ ಸ್ಪೆಷಲಿಸ್ಟ್’ ಎಂದರೆ ಬ್ಯಾಟರಿಯ ಗಿರಾಕಿಗಳು ಹೆದರಿ ಪಕ್ಕದ ಅಂಗಡಿಗೆ ಹೋದಾರು ಎಂಬ ಎರಡು ಚಿಂತೆಗಳ ನಡುವೆ ತಗಡಿಗೆ ತುಕ್ಕು ಹಿಡಿದಿದೆ. ಬೋರ್ಡಿನ ದಾರಿ ಕಾಯದೆ ಜನ ತಾವೇ ಅವನಿಗೆ ಮೀಟರ್ ಥಾವರಪ್ಪ ಎಂದು ಹೆಸರಿಟ್ಟುಬಿಟ್ಟರು. ಸ್ಪೀಡಿನದಿರಲಿ, ಎಣ್ಣೆಯದಿರಲಿ, ಮುಳ್ಳು ಅಲ್ಲಾಡುವ ಯಾವ ಡಬ್ಬಿ ಕೆಟ್ಟರೂ ಅದು ಅವನ ಟೇಬಲ್ಲಿಗೇ ಬರುತ್ತದೆ.

ವಿಜಯಪುರದ ಕಡೆಯ ತಾಂಡಾ ಒಂದರಿಂದ ಅಪ್ಪ-ಅವ್ವನ ಜೊತೆ ರಸ್ತೆ ಕೆಲಸಕ್ಕೆ ಗೋವಾಕ್ಕೆ ಬಂದವನು ಅವನು. ಡಾಂಬರಿನ ಕಾವಿಗಿಂತ ವೈರಿನ ಶಾಕು ಮೇಲೆಂದು ಅದಿರು ಟ್ರಕ್ಕುಗಳ ಯಾರ್ಡು ಸೇರಿಕೊಂಡ. ಅಲ್ಲಿ ಅವನು ಮೊದಲು ಕಲಿತ ವಿದ್ಯೆ ಮೀಟರು ರಿಪೇರಿಯಲ್ಲ, ಮೀಟರಿಗೆ ಸುಳ್ಳು ಕಲಿಸುವುದು. ನಾಲ್ಕು ಲಕ್ಷ ಕಿಲೋಮೀಟರ್ ಓಡಿ ಎಲುಬು ಸಡಿಲಾದ ಟ್ರಕ್ಕನ್ನು ಮಾರುವ ಮೊದಲು ಮಾಲೀಕರು ಅವನ ಬಳಿ ತರುತ್ತಿದ್ದರು. ಊಟದ ಹೊತ್ತಿಗೆ ಅದು ತೊಂಬತ್ತು ಸಾವಿರ ಮಾತ್ರ ಓಡಿದ ಹರೆಯದ ಟ್ರಕ್ಕಾಗಿ ಹೊರಗೆ ಬರುತ್ತಿತ್ತು. ಗಣಿಗಳು ನಿಂತವು, ಟ್ರಕ್ಕುಗಳು ಗುಜರಿಗೆ ಹೋದವು, ಥಾವರಪ್ಪ ಮಡ್ಕಯಿಗೆ ಬಂದ. ಬಂದ ಮೇಲೆ, ತಾನಿನ್ನು ಖರೇ ಹೇಳುವ ಮೀಟರುಗಳನ್ನು ಮಾತ್ರ ಮುಟ್ಟುವವನೆಂದು ಚಹಾದ ಗಾಡಿಯವನ ಮುಂದೆ ಘೋಷಿಸಿದ.

ಇದನ್ನು ಕೇಳಿ ನಕ್ಕವಳು ಅವನ ಹೆಂಡತಿ ಲಕ್ಷ್ಮವ್ವ. ಕಾರ್ಖಾನೆಯೊಂದರ ಕ್ಯಾಂಟೀನಿನಲ್ಲಿ ದಿನಕ್ಕೆ ಆರುನೂರು ಚಪಾತಿ ಲಟ್ಟಿಸುವ ಅವಳಿಗೆ ಗಂಡನ ವೈರಾಗ್ಯಕ್ಕೆ ಕೊಡಲು ಪುರುಸೊತ್ತು ಕಡಿಮೆ. “ಸುಳ್ಳ್ ಮಾಡಸವ್ರು ಬರೂದ್ ನಿಂತಾರ, ಅದಕ್ಕ ನೀ ಖರೇ ಮನಷ್ಯಾ ಆಗೀದಿ,” ಎಂದಳು.

ಇಂಥವನಿಗೆ ಒಂದು ದಿನ ಕಾಣಕೋಣದಿಂದ ಫೋನು ಬಂತು. ಆ ಕಡೆಯ ದನಿ ಮೊದಲು ಇಂಗ್ಲಿಷಿನಲ್ಲಿ, ಆಮೇಲೆ ಕೊಂಕಣಿಯಲ್ಲಿ, ಕಡೆಗೆ ಹಿಂದಿಯಲ್ಲಿ ಮಾತಾಡಿತು. ತಾನು ಕಾಂತ್, ಸಮುದ್ರದ ದಂಡೆಯ ರೆಸಾರ್ಟಿನ ಮಾಲೀಕ, ತನ್ನ ಹಳೆಯ ಟ್ರಕ್ಕಿನ ಆರ್‌ಪಿಎಂ ಮೀಟರು ಸತ್ತಿದೆ, ಮುಂದಿನ ತಿಂಗಳು ಮಡಗಾಂವಿನಲ್ಲಿ ಹಳೆಯ ಗಾಡಿಗಳ ಸ್ಪರ್ಧೆಯಿದೆ, ಕೂಡಲೇ ಬರಬೇಕು. ಥಾವರಪ್ಪ ಸುಮ್ಮನೆ ಕೇಳಿಕೊಂಡ. ಆ ದನಿಯ ಒಡೆಯ ಯಾರೆಂದು ಅವನಿಗೆ ಚೆನ್ನಾಗಿ ಗೊತ್ತಿತ್ತು. ಮಡಗಾಂವಿನ ಕೂಲಿ ನಾಕಾದಲ್ಲಿ ಮೂವತ್ತು ವರ್ಷದ ಹಿಂದೆ ಬುಟ್ಟಿ-ಸಲಿಕೆ ಹಿಡಿದು ನಿಲ್ಲುತ್ತಿದ್ದ, ಮುದ್ದೇಬಿಹಾಳದ ಕಡೆಯ ಕಂಠೆಪ್ಪ. ಇಟ್ಟಿಗೆ ಹೊತ್ತವನು ಮೇಸ್ತ್ರಿಯಾದ, ಮೇಸ್ತ್ರಿ ಗುತ್ತಿಗೆದಾರನಾದ, ಗುತ್ತಿಗೆದಾರ ರೆಸಾರ್ಟು ಕಟ್ಟಿದ. ಅಷ್ಟು ಮೇಲೆ ಹತ್ತಿದ್ದು ಸಣ್ಣ ಸಂಗತಿಯಲ್ಲ. ಆದರೆ ಹತ್ತಿದ ಮೇಲೆ ಅವನು ಮಾಡಿದ ಮೊದಲ ಕೆಲಸ, ಏಣಿಯನ್ನು ಯಾರೂ ಕಾಣದ ಕಡೆ ಬಚ್ಚಿಟ್ಟದ್ದು. ಹೆಸರಿನಿಂದ ಒಂದು ಅಕ್ಷರ ತೆಗೆದ, ಎರಡು ತಿದ್ದಿದ, ಕಾಂತ್ ಆದ.

ಆ ಟ್ರಕ್ಕಿನ ವಿಷಯದಲ್ಲೂ ಅವನು ಇದೇ ಔದಾರ್ಯ ತೋರಿಸಿದ್ದ. ಅದು ಅಮೆರಿಕದ ಪೆಟ್ರೋಲ್ ಟ್ರಕ್ಕು, ಕಲ್ಲುಕ್ವಾರಿಯೊಂದರ ಹಿಂದೆ ಬಿದಿರುಮೆಳೆಯಲ್ಲಿ ಬಿದ್ದಿದ್ದನ್ನು ತಂದು, ಪರರಾಜ್ಯದ ಗ್ಯಾರೇಜಿಗೆ ಕಳಿಸಿ ಬಣ್ಣ ಬಳಿಸಿದ್ದ. ಅತಿಥಿಗಳ ಮುಂದೆ ಮಾತ್ರ ಅದು ಪೋರ್ತುಗೀಸರ ಕಾಲದಿಂದ ತನ್ನ ಅಜ್ಜನ ಮನೆಯಲ್ಲಿ ಬಾಳಿದ ಟ್ರಕ್ಕು. ಬಾಗಿಲ ಒಳಗಿನ ತಗಡಿನ ಪಟ್ಟಿಯಲ್ಲಿ ೧೯೭೨ ಎಂದು ಅಚ್ಚೊತ್ತಿತ್ತು. ಪೋರ್ತುಗೀಸರು ಗೋವಾ ಬಿಟ್ಟು ಹನ್ನೊಂದು ವರ್ಷ ಕಳೆದಿದ್ದ ಕಾಲವದು. ಕಂಠೆಪ್ಪನ ಅಜ್ಜ ಗೋವಾವನ್ನು ಕಣ್ಣಿಂದ ಕಂಡವನಲ್ಲ, ಟ್ರಕ್ಕನ್ನು ಕಂಡಿದ್ದನೋ ಇಲ್ಲವೋ ತಿಳಿಯದು.

ಥಾವರಪ್ಪ ಬೈಕಿನಲ್ಲಿ ಕಾಣಕೋಣ ಮುಟ್ಟಿದಾಗ ಟ್ರಕ್ಕು ತೆಂಗಿನ ಮರಗಳ ನಡುವೆ ಮದುಮಗನಂತೆ ನಿಂತಿತ್ತು. ಬಾನೆಟ್ಟಿನ ಎರಡೂ ಬದಿಗೆ ಎಂಟು ಸಿಲಿಂಡರಿನ ಗುರುತಾಗಿ ಹಿತ್ತಾಳೆಯ ‘ವಿ ೮’ ಹೊಳೆಯುತ್ತಿತ್ತು. ಸ್ವಾಗತದ ಕೋಣೆಯ ಗೋಡೆಗೆ ಹಳೆಯ ಗಾಡಿಗಳ ಕ್ಲಬ್ಬಿನ ಪ್ರಮಾಣಪತ್ರ: ‘ಎಂಟು ಸಿಲಿಂಡರ್, ಸಂಪೂರ್ಣ ಒರಿಜಿನಲ್.’

“ಹೊಸಾದ್ ಒಂದೂ ಹಾಕಂಗಿಲ್ಲ,” ಎಂದ ಕಂಠೆಪ್ಪ. ಸುತ್ತ ಯಾರೂ ಇರಲಿಲ್ಲ, ಹಾಗಾಗಿ ಕನ್ನಡ ಬಂತು. “ಎಲ್ಲಾ ಒರಿಜಿನಲ್ ಇರಬೇಕು. ಬಾನೆಟ್ ಮುಟ್ಟಬ್ಯಾಡ, ಪಾಲಿಶ್ ಹೋಗತೈತಿ. ನಿನ್ನ ಕೆಲಸ ಒಳಗಿಂದ.”

“ಆತ್ರಿ ಸಾಹೇಬ್ರ,” ಎಂದು ಥಾವರಪ್ಪ ಡ್ಯಾಶ್‌ಬೋರ್ಡಿನ ಕೆಳಗೆ ಅಂಗಾತ ಮಲಗಿದ.

ಆರ್‌ಪಿಎಂ ಮೀಟರೆಂದರೆ ಎಂಜಿನ್ನು ನಿಮಿಷಕ್ಕೆ ಎಷ್ಟು ಸುತ್ತು ತಿರುಗುತ್ತಿದೆ ಎಂದು ಹೇಳುವ ಮೀಟರು. ಅದಕ್ಕೆ ಬೇಕಾದದ್ದು ಮೂರೇ: ಬ್ಯಾಟರಿಯ ಕರೆಂಟು, ಕಿಡಿ ಹುಟ್ಟಿಸುವ ಕಾಯಿಲಿನಿಂದ ಬರುವ ಸುದ್ದಿ, ಗಾಡಿಯ ಲೋಹದ ಮೈಗೆ ಅರ್ತು. ಕರೆಂಟಿತ್ತು, ಸುದ್ದಿಯೂ ಬರುತ್ತಿತ್ತು. ಅರ್ತು ಇರಲಿಲ್ಲ. ಬಣ್ಣ ಬಳಿದ ಗ್ಯಾರೇಜಿನವರು ಡ್ಯಾಶ್‌ಬೋರ್ಡಿನ ಹಿಂಬದಿಯನ್ನೂ ಬಿಡದೆ ನಾಲ್ಕು ಕೋಟಿಂಗ್ ಹೊಡೆದು, ಅದರ ಮೇಲೆ ಅರ್ತ್ ವೈರನ್ನು ಬಿಗಿದಿದ್ದರು. ವೈರು ಮುಟ್ಟಿದ್ದು ಬಣ್ಣವನ್ನು, ಲೋಹವನ್ನಲ್ಲ. ಇದಕ್ಕಿಂತ ಮೊದಲು ಬಂದಿದ್ದ ಇಬ್ಬರು ತಜ್ಞರು ಕಾಯಿಲು ಬದಲಿಸಿ, ಬ್ಯಾಟರಿ ಬದಲಿಸಿ, ಮೀಟರನ್ನು ವಿದೇಶಕ್ಕೆ ಕಳಿಸಬೇಕೆಂದು ಬರೆದುಕೊಟ್ಟು ಹೋಗಿದ್ದರು. ಥಾವರಪ್ಪ ಹಳೆಯ ಬ್ಲೇಡಿನಿಂದ ಉಗುರಗಲ ಬಣ್ಣ ಕೆರೆದು ತಿರುಪು ಬಿಗಿದ. ಗಾಡಿ ಶುರು ಮಾಡಿದ ಕೂಡಲೇ ಮುಳ್ಳು ಎದ್ದು ಕೂತಿತು.

ಕಂಠೆಪ್ಪನಿಗೆ ಆನಂದವಾಯಿತು. ಆನಂದ ಐದು ನಿಮಿಷ ಉಳಿಯಿತು.

“ಇದೇನು, ಆರನೂರಿಗೇ ನಿಂತೈತಿ? ಗಾಡಿ ಪುಸ್ತಕದಾಗ ಎಂಟನೂರು ಬರದಾರ. ಒತ್ತಿದ್ರೂ ಬೇಕಾದಷ್ಟ್ ಮ್ಯಾಲ ಏಳವಲ್ದು. ಜಡ್ಜ್ ಮುಂದ ನನ್ನ ಮರ್ಯಾದಿ ಹೋಗತೈತಿ. ಮೀಟರ್ ಸುಳ್ಳ್ ಹೇಳಾಕತ್ತೈತಿ, ಸರಿ ಮಾಡು.”

ಥಾವರಪ್ಪ ತನ್ನ ಕೈಮೀಟರು ತೆಗೆದ. ತಿರುಗುವ ಚಕ್ರಕ್ಕೆ ಬಿಳಿ ಪಟ್ಟಿ ಅಂಟಿಸಿ ಬೆಳಕು ಬಿಟ್ಟರೆ ಸುತ್ತು ಎಣಿಸುವ ಉಪಕರಣವದು, ಕಾರ್ಖಾನೆಯ ಗುಜರಿಯಿಂದ ಎತ್ತಿಕೊಂಡು ಬಂದದ್ದು. ಬಾನೆಟ್ ಮುಟ್ಟಬಾರದಲ್ಲ, ಬಂಪರಿನ ಕೆಳಗೆ ನುಸುಳಿ ಮಲಗಿದಲ್ಲಿಂದಲೇ ಬೆಳಕು ಬಿಟ್ಟ; ಕಂಠೆಪ್ಪ ಸೀಟಿನಲ್ಲಿ ಕೂತು ಒತ್ತುತ್ತ ಮುಳ್ಳು ಓದಿ ಹೇಳಿದ. ಎಂಜಿನ್ನು ಎಂಟುನೂರು ಸುತ್ತುವಾಗ ಮೀಟರು ಆರುನೂರು ಎಂದಿತು. ಎರಡು ಸಾವಿರ ಸುತ್ತುವಾಗ ಒಂದೂವರೆ ಸಾವಿರ. ಕೆಟ್ಟ ಮೀಟರು ಹೀಗೆ ಶಿಸ್ತಾಗಿ ತಪ್ಪುವುದಿಲ್ಲ. ಅದು ಒಮ್ಮೆ ಹೆಚ್ಚು ಹೇಳುತ್ತದೆ, ಒಮ್ಮೆ ಕಡಿಮೆ, ಒಮ್ಮೆ ಮಲಗಿಬಿಡುತ್ತದೆ. ಇದೋ, ಪ್ರತಿ ಸಲವೂ ಸರಿಯಾಗಿ ಮುಕ್ಕಾಲು ಪಾಲು.

ಮೀಟರು ಬಿಚ್ಚಿಕೊಂಡು ರೆಸಾರ್ಟಿನ ಅಡುಗೆಮನೆಯ ಹಿಂದಿನ ಕಟ್ಟೆಯ ಮೇಲೆ ಕೂತ. ಕರೆಗಂಟೆಗೆ ಹಾಕುವಂಥ ಸಣ್ಣ ಟ್ರಾನ್ಸ್‌ಫಾರ್ಮರಿನಿಂದ ಗೋಡೆಯ ಕರೆಂಟನ್ನು ಇಳಿಸಿ ಮೀಟರಿಗೆ ಕೊಟ್ಟ. ಗೋಡೆಯ ಕರೆಂಟು ಸೆಕೆಂಡಿಗೆ ಐವತ್ತು ಸಲ ಮಿಡಿಯುತ್ತದೆ, ನಿಮಿಷಕ್ಕೆ ಮೂರು ಸಾವಿರ. ಎಂಜಿನ್ನಿನಲ್ಲಿ ಒಂದೊಂದು ಕಿಡಿ ಹಾರಿದಾಗಲೂ ಮೀಟರಿಗೆ ಹೋಗುವುದು ಇಂಥದೇ ಒಂದು ಮಿಡಿತ. ಎಂಟು ಸಿಲಿಂಡರಿನ ಎಂಜಿನ್ನಾದರೆ ಸುತ್ತಿಗೆ ನಾಲ್ಕು ಕಿಡಿ, ಆರರದಾದರೆ ಮೂರು. ಆ ಲೆಕ್ಕದಲ್ಲಿ ಎಂಟರ ಮೀಟರು ಈಗ ಏಳುನೂರ ಐವತ್ತು ತೋರಿಸಬೇಕು, ಆರರ ಮೀಟರಾದರೆ ಒಂದು ಸಾವಿರ.

ಮುಳ್ಳು ಏಳುನೂರ ಐವತ್ತರ ಗೆರೆಯ ಮೇಲೆ ಕೂದಲೆಳೆಯಷ್ಟೂ ಆಚೀಚೆಯಾಗದೆ ನಿಂತಿತು. ಐವತ್ತು ವರ್ಷದ ಮೀಟರು. ಥಾವರಪ್ಪ ಅದನ್ನು ಬಹಳ ಹೊತ್ತು ನೋಡಿದ. ತನ್ನ ಜೀವಮಾನದಲ್ಲಿ ಇಷ್ಟು ಪ್ರಾಮಾಣಿಕ ಡಬ್ಬಿಯನ್ನು ಅವನು ಕಂಡಿರಲಿಲ್ಲ, ಯಾಕೆಂದರೆ ಕೈಗೆ ಬಂದವುಗಳನ್ನೆಲ್ಲ ಅವನೇ ಕೆಡಿಸಿದ್ದ.

ಮೀಟರು ಎಂಟರದ್ದು, ಸರಿಯಾಗಿದೆ. ಹಾಗಾದರೆ?

ಕಂಠೆಪ್ಪ ಅತಿಥಿಗಳಿಗೆ ಅಜ್ಜನ ಕಥೆ ಹೇಳುತ್ತಿದ್ದ ಹೊತ್ತು ನೋಡಿ ಥಾವರಪ್ಪ ಅಂಗಿಯ ತುದಿಯಿಂದ ಹಿಡಿದು ಬಾನೆಟ್ ಎತ್ತಿದ. ಸಿಲಿಂಡರಿಗೊಂದರಂತೆ ಇರುವ ಸ್ಪಾರ್ಕ್ ಪ್ಲಗ್ಗುಗಳನ್ನು ಎಣಿಸಿದ. ಆರು. ಒಂದೇ ಸಾಲಿನಲ್ಲಿ ಶಾಲೆಯ ಮಕ್ಕಳಂತೆ ನಿಂತಿದ್ದವು. ಆ ಬದಿಗೆ ಹೋಗಿ ಇಣುಕಿದ. ಅಲ್ಲಿ ಒಂದೂ ಇರಲಿಲ್ಲ. ಕ್ವಾರಿಯ ಕಾಲದಲ್ಲಿ ಯಾರೋ ಹೊಟ್ಟೆಗಿಲ್ಲದ ಮಾಲೀಕ ಸತ್ತ ಎಂಜಿನ್ನು ಎತ್ತಿಹಾಕಿ, ಸಿಕ್ಕಿದ ಎಂಜಿನ್ನು ಕೂರಿಸಿದ್ದ. ಬಣ್ಣದ ಗ್ಯಾರೇಜಿನವರು ಎಣಿಸಲಿಲ್ಲ, ಪ್ರಮಾಣಪತ್ರ ಕೊಟ್ಟವರು ಎಣಿಸಲಿಲ್ಲ, ಕಾಯಿಲು ಬದಲಿಸಿದ ತಜ್ಞರೂ ಎಣಿಸಲಿಲ್ಲ, ಎಂಟು ಸಿಲಿಂಡರಿನ ಗರ್ಜನೆ ಕೇಳಿರೆಂದು ಎರಡು ವರ್ಷದಿಂದ ಜನರನ್ನು ನಿಲ್ಲಿಸಿ ಕೇಳಿಸುತ್ತಿದ್ದ ಕಂಠೆಪ್ಪನಂತೂ ಪಾಲಿಶ್ ಹೋದೀತೆಂದು ಬಾನೆಟ್ಟನ್ನೇ ಎತ್ತಿರಲಿಲ್ಲ.

ಥಾವರಪ್ಪ ಅವನನ್ನು ಪಕ್ಕಕ್ಕೆ ಕರೆದು ಹೇಳಿದ.

“ಎಂಟ್ ಐತಿ,” ಎಂದ ಕಂಠೆಪ್ಪ. “ಸರ್ಟಿಫಿಕೇಟ್ ನೋಡ್ ಹೋಗು.”

“ಸರ್ಟಿಫಿಕೇಟಿನಾಗ ಎಂಟ್ ಅದಾವ್ರಿ. ಬಾನೆಟ್ಟಿನಾಗ ಆರ್ ಅದಾವು.”

ಕಂಠೆಪ್ಪ ಕನ್ನಡಕ ಹಾಕಿಕೊಂಡು ಬಂದು ತಾನೇ ಎಣಿಸಿದ. ಎರಡನೆಯ ಸಲ ಬೆರಳು ಮುಟ್ಟಿಸಿ ಎಣಿಸಿದ; ಬಿಸಿ ತಾಗಿ ಬೆರಳು ಬಾಯಿಗಿಟ್ಟುಕೊಂಡ. “ಇನ್ನೆರಡ್ ಒಳಗ ಇರಬೇಕೇನೋ,” ಎಂದ ಸಣ್ಣ ದನಿಯಲ್ಲಿ.

“ಒಳಗ ಇಟ್ರ ಕಿಡಿ ಯಾರಿಗ್ ಕೊಡತಾವ್ರಿ?”

ಕಂಠೆಪ್ಪ ಬಾನೆಟ್ಟನ್ನು ಮೆಲ್ಲಗೆ ಮುಚ್ಚಿ, ಬೆರಳ ಗುರುತು ಒರೆಸಿದ. ಆಮೇಲೆ ಗುತ್ತಿಗೆದಾರನ ಬುದ್ಧಿ ಎಚ್ಚರಾಯಿತು. “ಥಾವರಪ್ಪ, ನೀ ನಮ್ಮ ಕಡಿಯಾವ. ಇದು ನಮ್ಮಿಬ್ಬರೊಳಗ ಇರಲಿ. ಮೀಟರಿಗೆ ಎಂಟನೂರ್ ತೋರಸಾಕ ಹಚ್ಚು, ಅಷ್ಟ ಸಾಕು.” ಮೂವತ್ತು ವರ್ಷದಲ್ಲಿ ಮೊದಲ ಸಲ ಅವನು ‘ನಮ್ಮ ಕಡೆ’ ಎಂದಿದ್ದ. ಅದಕ್ಕೆ ಎರಡು ಸಿಲಿಂಡರು ಕಳೆದುಹೋಗಬೇಕಾಯಿತು.

ಥಾವರಪ್ಪ ಒಪ್ಪಿದ. ಎಂಜಿನ್ನು ಸುತ್ತಿದ್ದಷ್ಟನ್ನೇ ತೋರಿಸುವ ಕೆಲಸವಲ್ಲವೇ, ಇದರಲ್ಲಿ ಪಾಪವೇನು? ಮೀಟರಿನ ಹಿಂದೆ ಅಕ್ಕಿಕಾಳಿನಷ್ಟು ತಿರುಪಿರುತ್ತದೆ, ಮುಳ್ಳನ್ನು ಚೂರು ಹೆಚ್ಚು ಕಡಿಮೆ ಮಾಡಲಿಕ್ಕೆ. ಅದನ್ನು ತುದಿಯವರೆಗೆ ತಿರುವಿದರೂ ಆರುನೂರು ಆರುನೂರ ಎಪ್ಪತ್ತಾಯಿತೇ ಹೊರತು ಮೇಲೆ ಹೋಗಲಿಲ್ಲ. ಕಡೆಗೆ ಒಳಗಿನ ಒಂದು ರೆಸಿಸ್ಟೆನ್ಸು, ಕರೆಂಟನ್ನು ಅಳೆದು ಬಿಡುವ ಪುಟ್ಟ ಕಾಳು, ಅದನ್ನು ಬೆಸುಗೆ ಬಿಡಿಸಿ ತೆಗೆದು ಬೇರೆಯದನ್ನು ಕೂರಿಸಿದ. ಎರಡು ದಿನ ಹಿಡಿಯಿತು. ಒಂದು ಕಾಳು ಹಾಕಿದರೆ ಕೆಳಗಿನ ಲೆಕ್ಕ ಸರಿಹೋಗಿ ಮೇಲಿನದು ತಪ್ಪುತ್ತಿತ್ತು, ಇನ್ನೊಂದು ಹಾಕಿದರೆ ಮುಳ್ಳು ನಡುಗುತ್ತಿತ್ತು. ಐದನೆಯದಕ್ಕೆ ಎಂಟುನೂರು, ಒಂದೂವರೆ ಸಾವಿರ, ಎರಡೂವರೆ ಸಾವಿರ, ಮೂರು ಕಡೆಯೂ ಕೈಮೀಟರಿಗೂ ಇದಕ್ಕೂ ಒಂದೇ ಮಾತಾಯಿತು. ತೆಗೆದ ಹಳೆಯ ಕಾಳನ್ನು ಕಾಗದದಲ್ಲಿ ಮಡಚಿ ಜೋಪಾನ ಮಾಡಿದ. ಮನೆಗೆ ಹೋಗಿ ಲಕ್ಷ್ಮವ್ವನಿಗೆ ವಿವರವಾಗಿ ಹೇಳಿದ. ಅವಳಿಗೆ ಅರ್ಥವಾದದ್ದು ಇಷ್ಟು: ಗಂಡ ಬದುಕಿನಲ್ಲಿ ಒಂದು ಮೀಟರನ್ನು ಖರೇ ಮಾಡಿದ್ದಾನೆ. “ಚಲೋ ಆತು,” ಎಂದಳು, “ಯಾರಿಗೂ ಹೇಳಬ್ಯಾಡ, ಇದ್ದ ಗಿರಾಕಿನೂ ಹೋಗತಾರ.”

ಸ್ಪರ್ಧೆಯ ದಿನ ಕಂಠೆಪ್ಪ ಥಾವರಪ್ಪನಿಗೆ ಬಿಳಿ ಸಮವಸ್ತ್ರ, ಟೊಪ್ಪಿಗೆ ತೊಡಿಸಿ ಟ್ರಕ್ಕಿನ ಪಕ್ಕ ನಿಲ್ಲಿಸಿದ. ಯಾರು ಕೇಳಿದರೂ, ಮೂರು ತಲೆಮಾರಿನಿಂದ ಈ ಮನೆತನದ ಗಾಡಿ ನೋಡಿಕೊಂಡು ಬಂದವನು ಎನ್ನಬೇಕೆಂದು ಕಟ್ಟಪ್ಪಣೆ. ಥಾವರಪ್ಪನ ಅಜ್ಜ ಎತ್ತಿನ ಮೇಲೆ ಉಪ್ಪು ಹೇರಿಕೊಂಡು ಊರೂರು ತಿರುಗಿದವನು. ಅವನು ನೋಡಿಕೊಂಡ ಗಾಡಿ ಯಾವುದು ಎಂದು ಯೋಚಿಸುತ್ತ ಮೊಮ್ಮಗ ಬಿಸಿಲಲ್ಲಿ ನಿಂತ.

ಟ್ರಕ್ಕು ನೋಡಲು ಬಂದ ತೀರ್ಪುಗಾರರು ಬೆಳ್ಳಗಿನ ಗಡ್ಡದ ಒಬ್ಬ ಹಿರಿಯರು. ಕೈಯಲ್ಲಿ ಸಣ್ಣ ಟಾರ್ಚು, ಕುತ್ತಿಗೆಯಲ್ಲಿ ಭೂತಗನ್ನಡಿ. ಎಂಜಿನ್ನು ಶುರು ಮಾಡಿಸಿ, ಕಣ್ಣುಮುಚ್ಚಿ, ಸಂಗೀತ ಕಛೇರಿಯಲ್ಲಿ ಕೂತವರಂತೆ ತಲೆದೂಗಿದರು. ಎಂಟು ಸಿಲಿಂಡರಿನ ನಾದವೇ ಬೇರೆ ಎಂದು ಹಿಂದಿಯಲ್ಲಿ ಉದ್ಗರಿಸಿ ಪೂರ್ಣಾಂಕ ಬರೆದರು. ಆಮೇಲೆ ಮೀಟರಿಗೆ ಟಾರ್ಚು ಬಿಟ್ಟು, ಗಾಜಿನ ಸುತ್ತಿನ ಪಟ್ಟಿಯ ಮೇಲೆ ಬಿಚ್ಚಿ ಮುಚ್ಚಿದ ಗೀರು ಕಂಡು, ಇದರೊಳಗೆ ಏನಾದರೂ ಹೊಸದು ಹಾಕಿದ್ದೀರಾ ಎಂದು ಥಾವರಪ್ಪನನ್ನು ಕೇಳಿದರು.

ಕಂಠೆಪ್ಪ ಅವರ ಬೆನ್ನ ಹಿಂದಿನಿಂದ ಕಣ್ಣು ಹೊಡೆದ. ಸುಳ್ಳು ಹೇಳುವುದು ಥಾವರಪ್ಪನಿಗೆ ಹೊಸದಲ್ಲ. ಆದರೆ ಎರಡು ದಿನ ಕೂತು ಮಾಡಿದ ಕೆಲಸವನ್ನು ಮಾಡಿಲ್ಲ ಎನ್ನಲು ನಾಲಿಗೆ ಏಳಲಿಲ್ಲ. ಸತ್ಯದ ಪ್ರೀತಿಗಿಂತ ಕೈಕೆಲಸದ ಹಮ್ಮು ದೊಡ್ಡದಿತ್ತು. ಒಂದು ರೆಸಿಸ್ಟೆನ್ಸು ಬದಲಿಸಿದ್ದೇನೆ, ಎಂಟರ ಮೀಟರನ್ನು ಆರಕ್ಕೆ ಹೊಂದಿಸಿದ್ದೇನೆ ಎಂದುಬಿಟ್ಟ.

ಆರಕ್ಕೆ ಯಾಕೆ ಎಂದರು ತೀರ್ಪುಗಾರರು.

ಬಾನೆಟ್ ಎತ್ತಿ ಎಣಿಸಿ ನೋಡಿ ಸಾಹೇಬರೇ, ಎಂದ ಥಾವರಪ್ಪ.

ತೀರ್ಪುಗಾರರ ಕೈ ಬಾನೆಟ್ಟಿನ ಹಿಡಿಯವರೆಗೆ ಹೋಯಿತು. ಅಲ್ಲೇ ನಿಂತಿತು. ರೆಸಾರ್ಟಿನ ಗೋಡೆಯ ಮೇಲಿನ ಪ್ರಮಾಣಪತ್ರಕ್ಕೆ ಸಹಿ ಹಾಕಿದವರು ಇವರೇ. ಹಿಡಿಯ ಮೇಲೆ ಧೂಳಿದೆಯೇನೋ ಎಂಬಂತೆ ಕರವಸ್ತ್ರದಿಂದ ಒರೆಸಿ, ಕೈ ಹಿಂದೆ ತೆಗೆದುಕೊಂಡರು. ಕಾಗದದಲ್ಲಿ ಬರೆದರು: ‘ಎಂಜಿನ್, ಒರಿಜಿನಲ್. ಮೀಟರ್, ತಿದ್ದಲಾಗಿದೆ. ಹತ್ತು ಅಂಕ ಕಡಿತ.’

ಆ ಹತ್ತು ಅಂಕದಿಂದ ಮೊದಲ ಬಹುಮಾನ ಕೈತಪ್ಪಿ ಎರಡನೆಯದು ಬಂತು. ಕಂಠೆಪ್ಪ ವೇದಿಕೆಯ ಮೇಲೆ ನಗುತ್ತ ಬಹುಮಾನದ ಕಪ್ ಇಸಿದುಕೊಂಡ, ಕೆಳಗಿಳಿದು ಥಾವರಪ್ಪನ ಟೊಪ್ಪಿಗೆ ಕಿತ್ತುಕೊಂಡ.

“ಯಾರ್ ಕೇಳಿದ್ರು ನಿನಗ ಖರೇ? ತಗಿ ಅದನ್ನ. ಹಳೇದ ಹಾಕು. ನನಗ ಒರಿಜಿನಲ್ ಬೇಕು.”

“ಹಾಕ್ತೇನ್ರಿ. ಆದ್ರ ಅದು ಮೂರ್ ಸಾವಿರ ಅಂದ್ರ ಎಂಜಿನ್ ನಾಕ್ ಸಾವಿರ ತಿರಗತಿರತೈತಿ. ಅದನ್ ನೋಡಿ ಒತ್ತಬ್ಯಾಡ್ರಿ. ಈ ಎಂಜಿನ್ ಅಷ್ಟ್ ತಡಿಯಂಗಿಲ್ಲ.”

“ನನಗ ಗಾಡಿ ಹೊಡ್ಯಾಕ ಕಲಸ್ತಿ ಏನು?”

ಥಾವರಪ್ಪ ಕಾಗದ ಬಿಚ್ಚಿ ಹಳೆಯ ಕಾಳನ್ನು ಅದರ ಜಾಗಕ್ಕೆ ಬೆಸೆದ. ಮುಳ್ಳು ಮತ್ತೆ ಆರುನೂರಕ್ಕೆ ಇಳಿಯಿತು. ಹೋಗುವ ಮುನ್ನ ಗಾಜಿನ ಮೇಲೆ ಒಂದು ಚೀಟಿ ಅಂಟಿಸಿದ, ದಪ್ಪ ಅಕ್ಷರದಲ್ಲಿ: ‘ಮೂರು ಅಂದ್ರ ನಾಕು.’ ಮರುದಿನವೇ ಕಂಠೆಪ್ಪ ಅದನ್ನು ಕಿತ್ತ. ಅದು ಒರಿಜಿನಲ್ ಆಗಿರಲಿಲ್ಲ, ಸಾಲದ್ದಕ್ಕೆ ಕನ್ನಡದಲ್ಲಿತ್ತು.

ಹದಿನೈದು ದಿನಕ್ಕೆ ರೆಸಾರ್ಟಿನಲ್ಲಿ ಒಂದು ಮದುವೆ. ದಿಬ್ಬಣದ ಹನ್ನೆರಡು ಮಂದಿಯನ್ನು ಟ್ರಕ್ಕಿನ ಹಿಂಬದಿಗೆ ಕೂರಿಸಿ, ತಲೆಗೆ ಹುಲ್ಲಿನ ಹ್ಯಾಟು ಇಟ್ಟುಕೊಂಡು, ಕಂಠೆಪ್ಪ ತಾನೇ ಮಡಗಾಂವಿನ ಹಾದಿಯ ಘಾಟಿ ಹತ್ತಿಸಿದ. ಎಂಟು ಸಿಲಿಂಡರಿನ ಗರ್ಜನೆ ಕೇಳಿಸಬೇಕಿತ್ತು. ಎರಡನೆಯ ಗೇರಿನಲ್ಲೇ ಒತ್ತಿದ. ಮುಳ್ಳು ಎರಡೂವರೆ ಸಾವಿರ ದಾಟಿತು. ಪುಸ್ತಕದ ಪ್ರಕಾರ ಇನ್ನೂ ಬೇಕಾದಷ್ಟು ಜಾಗವಿತ್ತು, ಪುಸ್ತಕವೂ ಎಂಟರದ್ದೇ. ಮತ್ತೆ ಒತ್ತಿದ. ಮುಳ್ಳು ಮೂರು ಸಾವಿರ ಮುಟ್ಟಿದಾಗ ಬಾನೆಟ್ಟಿನೊಳಗೆ ಯಾರೋ ಸುತ್ತಿಗೆ ಬೀಸಿದಂಥ ಸದ್ದಾಯಿತು. ಪಿಸ್ಟನ್ನಿನ ಒಂದು ರಾಡು ಎಂಜಿನ್ನಿನ ಪಕ್ಕೆ ಸೀಳಿಕೊಂಡು ಹೊರಬಂತು. ಎಣ್ಣೆ ರಸ್ತೆಗೆ ಸುರಿಯಿತು, ಹೊಗೆ ಎದ್ದಿತು. ಪುಣ್ಯಕ್ಕೆ ಯಾರಿಗೂ ಏನೂ ಆಗಲಿಲ್ಲ. ಒಬ್ಬರ ರೇಷ್ಮೆ ಸೀರೆಗೆ ಮಸಿ ತಾಗಿತು, ಅಷ್ಟೇ.

ಎಲ್ಲರೂ ಇಳಿದರು. ಬಾನೆಟ್ ಎತ್ತದೆ ವಿಧಿಯಿರಲಿಲ್ಲ. ದಿಬ್ಬಣದಲ್ಲಿ ಲತಾ ಎಂಬ ಗಣಿತದ ಟೀಚರಿದ್ದರು. ಮೂಗಿಗೆ ಸೆರಗು ಹಿಡಿದು ಇಣುಕಿ, ಅಭ್ಯಾಸಬಲದಿಂದ ಎಣಿಸಿ, ಎಂಟು ಅಂದಿದ್ದಿರಲ್ಲ, ಇಲ್ಲಿ ಆರೇ ಇವೆಯಲ್ಲ ಎಂದು ಕೇಳಿದರು. ಕಂಠೆಪ್ಪ, ಎರಡನ್ನು ಸರ್ವಿಸಿಗೆ ಕೊಟ್ಟಿದ್ದೇನೆ ಎಂದ. ಹನ್ನೆರಡು ಮಂದಿಯೂ ನಂಬಿದಂತೆ ತಲೆಯಾಡಿಸಿ, ಬೇರೆ ಗಾಡಿ ಬರುವವರೆಗೆ ಮುಖ ತಿರುಗಿಸಿಕೊಂಡು ನಕ್ಕರು.

ಅವತ್ತೇ ಮಧ್ಯಾಹ್ನ ಥಾವರಪ್ಪನಿಗೆ ಫೋನು. ಈ ಸಲ ಮೊದಲ ಮಾತಿನಿಂದಲೇ ಕನ್ನಡ, ಅದೂ ಅಪ್ಪಟ ಮುದ್ದೇಬಿಹಾಳದ್ದು, ಇಲ್ಲಿ ಬರೆಯಲು ಬಾರದ್ದು. ಬರೆಯಬಹುದಾದದ್ದು ಇಷ್ಟು: “ನಿನ್ನ ಮೀಟರ್ ನನ್ನ ಎಂಜಿನ್ ತಿಂದ್ ಹಾಕ್ತು!”

“ಮೀಟರ್ ನಿಮ್ಮದ್ರಿ ಸಾಹೇಬ್ರ,” ಎಂದ ಥಾವರಪ್ಪ. “ಚೀಟಿ ಅಷ್ಟ ನಂದಿತ್ತು.”

ಈಗ ಟ್ರಕ್ಕು ರೆಸಾರ್ಟಿನ ಹುಲ್ಲುಹಾಸಿನ ಮೇಲೆ ಎಂಜಿನ್ನಿಲ್ಲದೆ ನಿಂತಿದೆ, ಅದರ ಹಿಂಬದಿಯಲ್ಲಿ ಎಳನೀರು ಮಾರುತ್ತಾರೆ. ಪ್ರಮಾಣಪತ್ರ ಗೋಡೆಯ ಮೇಲೇ ಇದೆ. ಹಳೆಯ ಗಾಡಿಗಳ ಬಗ್ಗೆ ಅವನಿಗಿರುವ ಆಳವಾದ ಜ್ಞಾನವನ್ನು ಗೌರವಿಸಿ ಕ್ಲಬ್ಬಿನವರು ಕಂಠೆಪ್ಪನನ್ನು ಮುಂದಿನ ವರ್ಷದ ತೀರ್ಪುಗಾರರ ಮಂಡಳಿಗೆ ಸೇರಿಸಿಕೊಂಡಿದ್ದಾರೆ.

ಥಾವರಪ್ಪನಿಗೆ ಇನ್ನು ಆ ವಲಯದ ಕೆಲಸ ಸಿಗಲಿಕ್ಕಿಲ್ಲ ಎಂದು ಲಕ್ಷ್ಮವ್ವ ಹೇಳಿದ್ದಳು. ಅವಳ ಮಾತು ತಪ್ಪಿದ್ದು ಅಪರೂಪ, ಇದು ತಪ್ಪಿತು. ಘಾಟಿಯ ಸುದ್ದಿ ಹರಡಿದ ಮೇಲೆ ಹಳೆಯ ಗಾಡಿಗಳ ಮಾಲೀಕರು ಒಬ್ಬೊಬ್ಬರಾಗಿ ಮಡ್ಕಯಿಗೆ ಬರತೊಡಗಿದರು. ಜೊತೆಯಾಗಿ ಯಾರೂ ಬರುವುದಿಲ್ಲ. ಗಾಡಿಗೆ ತಾಡಪತ್ರಿ ಹೊದೆಸಿಕೊಂಡು ಬಂದು, ಶೆಡ್ಡಿನೊಳಗೆ ತಂದು ನಿಲ್ಲಿಸಿ, ಆಸ್ಪತ್ರೆಯಲ್ಲಿ ಕೂತವರಂತೆ ಸ್ಟೂಲಿನ ಮೇಲೆ ಕೂರುತ್ತಾರೆ. ಎಲ್ಲರದ್ದೂ ಒಂದೇ ಬೇಡಿಕೆ: ಒಳಗೆ ಏನೇನು ಖರೇ ಇದೆ ನೋಡಿ ಹೇಳು, ಆದರೆ ಹೊರಗೆ ಹೇಳಬೇಡ.

ಮೊನ್ನೆ ಮಡಗಾಂವಿನಿಂದ ಬಂದವನು ಪರ್ವೇಜ, ಟೈಲ್ಸಿನ ವ್ಯಾಪಾರಿ. ಅವನದು ತೀರಾ ಹಳೆಯ ಜೀಪು, ಯುದ್ಧ ಕಂಡದ್ದೆಂದು ಮನೆಯವರಿಗೆಲ್ಲ ಹೇಳಿದ್ದಾನೆ. ಥಾವರಪ್ಪ ಬಾನೆಟ್ಟಿಗೆ ಕೈ ಹಚ್ಚುವಷ್ಟರಲ್ಲಿ ಅವನು ಎದ್ದುನಿಂತ.

“ಅಣ್ಣಾರ, ಒಂದ್ ಮಾತ್ರಿ. ಏನರ ಹೆಚ್ಚು ಕಡಿಮಿ ಕಂಡ್ರ ನನಗೂ ಹೇಳಬ್ಯಾಡ್ರಿ.”

“ಮತ್ತ ಯಾತಕ್ ತಂದ್ರಿ?”

ಪರ್ವೇಜ ಯೋಚಿಸಿದ. “ಬ್ಯಾಟರಿ ನೋಡ್ರಿ,” ಎಂದ.

ಥಾವರಪ್ಪ ಬ್ಯಾಟರಿ ನೋಡಿದ. ಬ್ಯಾಟರಿ ಚಲೋ ಇತ್ತು. ಅದನ್ನು ಹೇಳಿದ ಕೂಡಲೇ ಪರ್ವೇಜನ ಮುಖದಲ್ಲಿ ಜೀವ ಬಂತು. ಇಬ್ಬರಿಗೂ ಅವನೇ ಚಹಾ ಹೇಳಿದ.